ಹಗ್ಗದ ತುದಿ

ಶುಕ್ರವಾರ ರಾತ್ರಿ ಹತ್ತೂವರೆ. ಎಡಿನ್‌ಬರೋದ ಲ್ಯಾಬಿನಲ್ಲಿ
ಫ್ರಿಜ್ಜುಗಳು ಮಾತ್ರ ಗೊಣಗುತ್ತಿವೆ.
ಮೆರನ್ ಫ್ಲೆಟ್ ತಟ್ಟೆಯನ್ನು ಸೂಕ್ಷ್ಮದರ್ಶಕದಡಿ ಸರಿಸುತ್ತಾಳೆ:
ಮುನ್ನೂರ ಎಂಬತ್ತನಾಲ್ಕು ಗುಳಿ,
ಇರುವೆಗಳಿಗೆ ಮಾಡಿಸಿದ ಚನ್ನೆಮಣೆ.
ಎಲ್ಲದರಲ್ಲೂ ಇಲಿಮಿದುಳಿನ ಎಳೆಯ ಕೋಶಗಳು,
ಗುಳಿಗೊಂದು ಬೇರೆ ಹನಿ.

ಈ ಕೋಶಗಳ ತಕರಾರು ಒಂದೇ,
ಬೆಳೆಯುವುದಿಲ್ಲ.
ಗಾಯವಾದಲ್ಲಿಗೆ ಓಡಿ ಬರುತ್ತವೆ, ಗುಂಪು ಕೂಡುತ್ತವೆ.
ನೂಲು ಮೈಯೊಳಗೇ ಇದೆ, ಸುತ್ತಬೇಕಾದ ನರ ಎದುರಿಗೇ ಇದೆ,
ಆದರೂ ಮದುವೆಮನೆಗೆ ಬಂದು ಚಪ್ಪಲಿ ಬಿಡದೆ
ಚಪ್ಪರದ ಹೊರಗೇ ನಿಂತ ನೆಂಟರ ಹಾಗೆ
ನಿಂತಿರುತ್ತವೆ.
ವರ್ಷಗಟ್ಟಲೆ.

ಉತ್ತರಕ್ಕೆ, ಹಡಗು ಹತ್ತಿ ಹೋಗಬೇಕಾದ ಆರ್ಕ್ನಿಯಲ್ಲಿ
ಅವಳಪ್ಪ ಥೋರ್ಫಿನ್ ನಲವತ್ತು ವರ್ಷ
ಏಡಿಬುಟ್ಟಿ ಇಳಿಸಿದವನು.
ಹೊಸ ಹಗ್ಗ ತಂದರೆ ಮೊದಲು ತುದಿ ಸುತ್ತುತ್ತಿದ್ದ:
ಮೇಣ ಸವರಿದ ದಾರ, ಒಂದು ಕೊನೆ ಹಲ್ಲಲ್ಲಿ,
ಸುತ್ತಿನ ಪಕ್ಕ ಸುತ್ತು,
ನಡುವೆ ಉಗುರೂ ತೂರಬಾರದು.
'ಸುತ್ತದ ಹಗ್ಗ ತನ್ನನ್ನು ತಾನೇ ಬಿಚ್ಚಿಕೊಳ್ಳುತ್ತೆ' ಅನ್ನುತ್ತಿದ್ದ.

ಈಗ ಬಿಚ್ಚಿಕೊಳ್ಳುತ್ತಿರುವವನು ಅವನೇ.
ತಲೆಯಿಂದ ಹೊರಟ ಅಪ್ಪಣೆ ಬೆರಳು ಮುಟ್ಟುವುದರೊಳಗೆ
ದಾರಿಯಲ್ಲಿ ಸೋರಿಹೋಗುತ್ತದೆ.
ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬುದು
ಆ ಮನೆಯಲ್ಲಿ ಗಾದೆಯಲ್ಲ,
ಸೂಪು ಚೆಲ್ಲಿದ ಅಂಗಿ.
ಎದ್ದು ನಿಂತರೆ ನೆಲ ದೋಣಿಯಾಗುತ್ತದೆ.
ನನ್ನ ನುಡಿಯಲ್ಲಿ ಅದಕ್ಕೆ ತಲೆಸುತ್ತು ಅನ್ನುತ್ತೇವೆ;
ಅವನಿಗೆ ಬೇಕಾದದ್ದೂ ಅದೇ,
ತಲೆಯೊಳಗೆ ಒಂದು ಸುತ್ತು,
ಅದರ ಪಕ್ಕ ಇನ್ನೊಂದು.

ಹನ್ನೊಂದನೇ ಸಾಲಿನ ಹನಿ ದೊಡ್ಡ ಮನೆತನದ್ದಲ್ಲ.
ಮೂಗು ಸೋರಿದರೆ ನುಂಗುತ್ತಿದ್ದ ಹಳೇ ಗುಳಿಗೆಯೊಂದರ,
ತೂಕಡಿಕೆ ತರುತ್ತದೆಂದು ಜನ ಬಿಟ್ಟ ಗುಳಿಗೆಯ,
ದೂರದ ದಾಯಾದಿ. ಒಂದು ಕೊಂಡಿ ಬದಲು,
ಹೆಸರಿನ ಜಾಗದಲ್ಲಿ ನಂಬರು.
ಅದು ಕೋಶಕ್ಕೆ 'ಬೆಳೆ' ಅಂತ ಗದರುವುದಿಲ್ಲ.
'ತಾಳು, ಇನ್ನೂ ತಾಳು' ಅನ್ನುವ ಪಿಸುಮಾತಿಗೆ
ಕಿವಿ ಮುಚ್ಚುತ್ತದೆ,
ಅಷ್ಟೇ.

ಅಷ್ಟಕ್ಕೇ
ಹಸಿರು ಬಣ್ಣದಲ್ಲಿ ಕೈ ಚಾಚಿವೆ, ಕವಲೊಡೆದಿವೆ.
ಗುಳಿಯ ತಳದಲ್ಲಿ ನರಗಳಿಲ್ಲ, ಪ್ಲಾಸ್ಟಿಕ್ಕಿನ ಎಳೆ ಹಾಸಿದ್ದಾರೆ;
ಮೋಸ ಅಂತ ಗೊತ್ತಾಗದೆ
ಅದನ್ನೇ ಸುತ್ತಿವೆ, ಬಿಗಿಯಾಗಿ, ಪ್ರೀತಿಯಿಂದ ಅನ್ನುವ ಹಾಗೆ.

ಮೆರನ್ ಕುಣಿಯುವುದಿಲ್ಲ. ಮಾರ್ಚಿನಲ್ಲೂ ಹೀಗೇ ಹೊಳೆದಿತ್ತು,
ಆಮೇಲೆ ನೋಡಿದರೆ ಬಣ್ಣದ ಕಲೆ.
ನೋಟ್‌ಬುಕ್ಕಿನಲ್ಲಿ 'ಮತ್ತೆ ಮಾಡು' ಎಂದು ಬರೆದು
ಎರಡು ಗೆರೆ ಎಳೆಯುತ್ತಾಳೆ.
ಎರಡನೆಯದು ಸ್ವಲ್ಪ ಸೊಟ್ಟ.

ಭಾನುವಾರದ ಫೋನು.
'ಗುಳಿಗೆ ಬಂತಾ?'
'ಇಲಿಗಳಿಗೇ ಇನ್ನೂ ಕೊಟ್ಟಿಲ್ಲ ಅಪ್ಪಾ.'
ಅತ್ತ ಕೆಟಲು ಕುದಿಯುವ ಸದ್ದು, ಯಾರೋ ಅದನ್ನು ಆರಿಸುವ ಸದ್ದು.
'ಮೊದಲು ಅವಕ್ಕೇ ಕೊಡು,' ನಗುತ್ತಾನೆ,
'ಹಗ್ಗ ಸುತ್ತೋದು ಕಲಿತರೆ ಹೇಳು,
ದೋಣಿ ಇನ್ನೂ ಮಾರಿಲ್ಲ.'