ತೂಕದ ಕಟ್ಟೆ

ಲಾರಿ ತೂಗುತ್ತಿದ್ದ ಕಬ್ಬಿಣದ ಹಲಗೆಯ ಮೇಲೆ
ಒಂಬತ್ತು ಜನ ಒತ್ತಿ ನಿಂತಿದ್ದಾರೆ, ಫೋಟೋಕ್ಕೆ.
"ಆರುನೂರ ಹತ್ತು ಕಿಲೋ" ಎನ್ನುತ್ತಾನೆ ಪುರ್ಸು,
ಮುಳ್ಳು ನೋಡದೆ.
ಮಳೆಗಾಲದಲ್ಲಿ ನೂರಕ್ಕೆ ಎಂಟು ನೀರೆಂದು ಕಳೆಯುತ್ತಿದ್ದ.
ಇಂದೂ ಮನಸ್ಸಿನಲ್ಲೇ ಕಳೆಯುತ್ತಾನೆ:
ಇವರು ಈಗಷ್ಟೇ ಕಡಲಿಂದ ಎದ್ದು ಬಂದವರು.

ಅದಿರು ರಾಶಿ ಬೀಳುತ್ತಿದ್ದಲ್ಲಿ ಗುಡಾರಗಳು, ಹಳದಿ ದೋಣಿ,
ಕಾಟಾ ಖೋಲಿಯಲ್ಲಿ ಕಾಫಿ.
"ಗಣಿ ಎಲ್ಲಿತ್ತು ಅಂಕಲ್?"
ಘಟ್ಟದ ಆಚೆ ಬೆರಳು ತೋರಿಸುತ್ತಾನೆ.
ಹೊಂಡ ಆ ಊರಿನವರದು.
ಅಂಕೋಲೆಯ ಈ ದಂಡೆಗೆ ಬಂದದ್ದು ಗುಡ್ಡ ಮಾತ್ರ,
ಅದೂ ಹಡಗು ಬರುವ ತನಕ.

"ಈ ಕೆಂಪು ಉಸುಕು ಮೊದಲಿಂದಲೂ ಹೀಗೇನಾ?"
ಹೌದು ಅನ್ನಬೇಕೆಂದು ರೆಸಾರ್ಟಿನ ಸಾಹುಕಾರರ ಹುಕುಂ.
ಹೌದು ಅನ್ನುತ್ತಾನೆ.
ಅವನ ಬೆನ್ನ ಹಿಂದೆ ಹಗ್ಗದ ಮೇಲೆ
ಬುದವಂತಿ ಒಣಹಾಕಿದ ಹೊದಿಕೆಗಳು,
ಹದಿನಾಲ್ಕು, ಎಲ್ಲ ಬಿಳಿ.
ಆ ವರ್ಷಗಳಲ್ಲಿ ಅವಳ ಎರಡು ಸೀರೆಯೂ
ಒಗೆದಷ್ಟೂ ಒಂದೇ ಬಣ್ಣಕ್ಕೆ ಬಂದಿದ್ದವು,
ದೋಸೆಗೆ ನೆನೆಹಾಕಿದ ಅಕ್ಕಿಯೂ.

ಸಂಜೆ ಎಲ್ಲರೂ ಮತ್ತೆ ನೀರಿಗಿಳಿದ ಮೇಲೆ
ಒಬ್ಬನೇ ಹಲಗೆ ಹತ್ತುತ್ತಾನೆ.
ಮುಳ್ಳು ಅಲುಗುವುದಿಲ್ಲ.
ಟನ್ನುಗಟ್ಟಲೆ ಉಂಡ ಕಾಟಾ.
ಇಳಿದು, ಚಪ್ಪಲಿ ಝಾಡಿಸಿ,
ಕಪ್ಪು ಬಸಿ ತೊಳೆಯಲು ಹೋಗುತ್ತಾನೆ.