ಎಡಗಡೆ ದೇಶ, ಬಲಗಡೆ ದೇಶ

ಕೋಲಾರದ ಬಂಗಾರಪೇಟೆ ರಸ್ತೆಯ ಪ್ಲೈವುಡ್ ಅಂಗಡಿಯಲ್ಲಿ
ಹನ್ನೊಂದು ವರ್ಷದಿಂದ ಲೆಕ್ಕ ಬರೆಯುವವಳು ನಾನು.
ಎಂಟು ನಾಲ್ಕರ ಶೀಟು, ಹದಿನೆಂಟು ಎಂಎಂ ದಪ್ಪ,
ಇದರಾಚೆಗೆ ಲೋಕದ ಅಳತೆ ನನಗೆ ಬೇಕಾಗಿರಲಿಲ್ಲ.

ಸೋಮವಾರ ಸೇಟು ಭಂವರಲಾಲರ ಅಳಿಯ
ಎರಡು ಹಾಳೆ ತಂದು ಮೇಜಿನ ಮೇಲಿಟ್ಟ.
"ಅಕ್ಕಾ, ಎರಡು ದೇಶ, ಒಂದೇ ಮಾಲು, ಪಾರ್ಟಿಕಲ್ ಬೋರ್ಡು.
ಯಾರು ಎಷ್ಟು ದುಡ್ಡಿಗೆ ತರಿಸ್ಕೊಂಡವ್ರೆ, ಹತ್ತು ವರ್ಷದ್ದು
ಪಕ್ಕಪಕ್ಕ ಬರೆದುಕೊಡಿ. ನಾವೂ ಕಳಿಸೋಣ ಅಂತ."

ಹೆಸರುಗಳು ನನ್ನ ನಾಲಿಗೆಗೆ ಹೊರಳಲಿಲ್ಲ.
ಎಡಗಡೆ ದೇಶ, ಬಲಗಡೆ ದೇಶ
ಎಂದು ನಡುವೆ ಗೆರೆ ಎಳೆದೆ.

ಎಡಗಡೆಯದು ದೊಡ್ಡ ಕುಳ. ಅದರ ಅಂಕಿಗಳು
ಮದುವೆಮನೆಯ ಜಮಖಾನೆಯ ಹಾಗೆ ಉದ್ದಕ್ಕೆ ಹಾಸಿದ್ದವು.
ಬಲಗಡೆಯದಕ್ಕೆ ಸೊನ್ನೆಗಳೇ ಕಡಿಮೆ,
ಒಂದು ವರ್ಷದ ಜಾಗದಲ್ಲಿ ಬರೀ ಗೀಟು.
ಆ ವರ್ಷ ಅಲ್ಲಿ ಯಾರೂ ಬೀರು ಮಾಡಿಸಲಿಲ್ಲವೆ?
ಇಲ್ಲಾ, ನನ್ನಂಥವಳೊಬ್ಬಳು ಹೆರಿಗೆಗೆ ಹೋಗಿ
ಬರೆಯುವವರಿಲ್ಲದೆ ಹಲಗೆಗಳು ಹಾಗೇ ದಾಟಿದವೆ?

ಊಟದ ಹೊತ್ತಿಗೆ ಅಡಿಯ ಸಣ್ಣಕ್ಷರ ಓದಿದೆ.
ಎಡಗಡೆಯವರು ಬರೆದದ್ದು ಬರೀ ಮಾಲಿನ ಬೆಲೆ.
ಬಲಗಡೆಯವರದರಲ್ಲಿ ಹಡಗಿನ ಬಾಡಿಗೆಯಿದೆ, ವಿಮೆಯಿದೆ,
ಸಮುದ್ರಕ್ಕೆ ಹೆದರಿ ಕಟ್ಟಿದ ದುಡ್ಡೂ ಇದೆ.
ಒಬ್ಬರ ರಾಗಿಯನ್ನು ರಾಗಿಯಾಗಿ ತೂಗಿ
ಇನ್ನೊಬ್ಬರದನ್ನು ಗಾಡಿ ಸಮೇತ ತೂಗಿದಂತೆ.
"ಇದು ಸಮ ಆಗಲ್ಲಪ್ಪ" ಅಂದೆ.
ಅಳಿಯ ಫೋನಿನಿಂದ ತಲೆ ಎತ್ತಲಿಲ್ಲ.

ಅಷ್ಟರಲ್ಲಿ ಬಂದ ಬಡಗಿ ಆಂಜಿನಪ್ಪ, ಕಿವಿಯ ಮೇಲೆ ಪೆನ್ಸಿಲು.
ಟೇಕಲ್ ರಸ್ತೆಯ ಹೊಸ ಮನೆಗೆ ನಲವತ್ತು ಶೀಟು.
ತೆಲುಗಿನಲ್ಲಿ ಎಣಿಸಿದ, ಕನ್ನಡದಲ್ಲಿ ಚೌಕಾಸಿ ಮಾಡಿದ.
ಆಮೇಲೆ ದನಿ ತಗ್ಗಿಸಿ
ತನಗೆ ಅಂತ ಒಂದು. ಕೊಯ್ದು ಎರಡು ತುಂಡು.
ಒಂದು ಮಗಳ ಓದುವ ಮೇಜಿಗೆ,
ಒಂದು ಸೋರುವ ಗೋಡೆಗೆ ಅಡ್ಡ.
"ನೆನೆದ್ರೆ ಉಬ್ಬುತ್ತೆ ಕಣಣ್ಣ."
"ಗೊತ್ತಮ್ಮ, ನಾನೇ ಅಲ್ವಾ ಬಡಗಿ."
ಆಟೋದವ ನೂರೈವತ್ತು ಅಂದ.
ಆಂಜಿನಪ್ಪ ಒಂದೊಂದಾಗಿ ತಲೆಯ ಮೇಲೆ ಹೊತ್ತ, ಎರಡು ಸಲ.
ಆ ಬಾಡಿಗೆ ಯಾವ ಕಾಲಮ್ಮಿಗೆ?

ರಾತ್ರಿ, ಯಾರೂ ಕೇಳದಿದ್ದರೂ, ಜನಸಂಖ್ಯೆಯಿಂದ ಭಾಗಿಸಿದೆ.
ತಲೆ ಲೆಕ್ಕದಲ್ಲಿ ಬಲಗಡೆಯವರೇ ಮುಂದೆ.
ಅಲ್ಲಿ ಮರವೇ ಇಲ್ಲವೇನೋ. ಮರಳೋ, ಮಂಜೋ.
ಕಂಡಿಲ್ಲ. ಕಂಡದ್ದು ಮಾಲೂರಿನ ನಮ್ಮ ತೋಪು.
ಅಪ್ಪ ಟನ್ನಿನ ಲೆಕ್ಕದಲ್ಲಿ ಮಾರಿದ ನೀಲಗಿರಿ
ಕೇರಳಕ್ಕೆ ಹೋಗಿ, ಮೈ ಸುಲಿಸಿಕೊಂಡು, ಅಂಟು ಕುಡಿದು,
ಶೀಟಾಗಿ ನಮ್ಮ ಅಂಗಡಿಗೇ ಬಂದಿಳಿಯುತ್ತಿತ್ತು.
ಕಟ್ಟು ಬಿಚ್ಚುವಾಗೆಲ್ಲ ಮೂಸಿದ್ದೇನೆ.
ನೆಗಡಿಗೆ ಹಚ್ಚುವ ಆ ಎಣ್ಣೆಯ ವಾಸನೆ
ಒಂದು ಸಲವೂ ಸಿಕ್ಕಿಲ್ಲ.
ನಾವೂ ಒಂದು ದೇಶವೆಂದುಕೊಂಡರೆ
ನಮ್ಮ ರಫ್ತು ಟನ್ನಿನಲ್ಲಿ,
ಆಮದು ಚದರಡಿಯಲ್ಲಿ.

ಬೆಳಿಗ್ಗೆ, ಆ ಖಾಲಿ ವರ್ಷದ ಗೀಟಿನ ಮೇಲೆ
"ಒಂದು ಶೀಟು, ಎರಡು ತುಂಡು" ಎಂದು
ಪೆನ್ಸಿಲಿನಲ್ಲಿ ಬರೆದುಬಿಟ್ಟಿದ್ದೆ.
ಒರೆಸಿದೆ. ರಬ್ಬರಿನ ಪುಡಿ ಊದಿದಾಗ
ಗರಗಸದ ಪುಡಿಯೊಳಗೆ ಸೇರಿಹೋಯಿತು.

"ಕೂಡಿಸಿದ್ದು ಸರಿ ಇದೆಯಾ?" ಕೇಳಿದರು ಸೇಟು.
"ಸರಿ ಇದೆ" ಅಂದೆ,
"ಕೂಡಿಸಿದ್ದು."