ಇಳಿಜಾರಿಗೊಂದು ಕವಾಟ

ರಾತ್ರಿಯೇ ಬೋಲ್ಟುಗಳಿಗೆ ಎಣ್ಣೆ ಕುಡಿಸಿಟ್ಟಿದ್ದೆವು.
ಇಪ್ಪತ್ತೆಂಟು ಚಳಿಗಾಲದ ರಸ್ತೆಯುಪ್ಪು ತಿಂದ ಬೋಲ್ಟುಗಳು,
ಕರೆದೊಡನೆ ಎದ್ದು ಬರುವ ಜಾತಿಯಲ್ಲ.
ಬೆಳಿಗ್ಗೆ ಡೆಲ್ಬರ್ಟ್ ನನ್ನ ಪಿಕಪ್ಪಿನ ಅಡಿಗೆ
ಬೆನ್ನ ಮೇಲೆ ತೆವಳಿ ಸ್ಪ್ಯಾನರ್ ಕೊಟ್ಟ.
ಒಂದು ಕಿರ್ರೆಂದಿತು.
ಎರಡನೆಯದು ಬಂತು.
ಮೂರನೆಯದು ಮುರಿಯಿತು.
ಅವನು ಯಾರನ್ನು ಬೈದನೋ ತಿಳಿಯಲಿಲ್ಲ,
ಶೆಡ್ಡಿನ ಬಾಗಿಲಲ್ಲಿದ್ದ ನಾಯಿ ಬೆಲ್ಟ್ಜ ಮಾತ್ರ
ತನ್ನನ್ನೇ ಅಂದುಕೊಂಡು ಬಾಲ ಮುದುರಿತು.

ಕಳೆದ ಸೆಪ್ಟೆಂಬರಿನ ಕಥೆ
ಬಫಲೋ ಊರಿಗೆಲ್ಲ ಬಾಯಿಪಾಠ.
ಬಿಗ್‌ಹಾರ್ನ್ ಬೆಟ್ಟದ ಹುಲ್ಲು ಮುಗಿದು
ಅರವತ್ತೆರಡು ಕುರಿ ಟ್ರೇಲರಿನಲ್ಲಿ,
ಕೆಳಗೆ ಮೈಲಿಗಟ್ಟಲೆ ಇಳಿಜಾರು.
ಏಳನೇ ತಿರುವಿನಲ್ಲಿ ಪೆಡಲು ಮೆತ್ತಗಾಯಿತು,
ನೆನೆದ ರೊಟ್ಟಿ ತುಳಿದ ಹಾಗೆ.
ಮೊದಲು ವಾಸನೆ. ಆಮೇಲೆ ಹೊಗೆ.
ಆಮೇಲೆ ಕನ್ನಡಿ ತುಂಬ ನನ್ನದೇ ಟ್ರೇಲರು,
ಕೊಟ್ಟ ಸಾಲ ಕೇಳಲು ಓಡಿ ಬರುವವನಂತೆ.
ಬಲಕ್ಕೆ ಜಲ್ಲಿಯ ಏರುದಾರಿ,
ಹೆದ್ದಾರಿಯವರು ನನ್ನಂಥವರಿಗೆಂದೇ ಸುರಿದದ್ದು.
ನುಗ್ಗಿಸಿದೆ.
ಅಚ್ಚಿನವರೆಗೆ ಹೂತು ನಿಂತಿತು ಗಾಡಿ.
ಅರವತ್ತೆರಡರಲ್ಲಿ ಒಂದು ಕುರಿಯೂ ಅರಚಲಿಲ್ಲ.
ಆ ಮೌನ ಈಗಲೂ ಕಿವಿಯಲ್ಲಿದೆ.
ಕ್ರೇನಿನವನ ಬಿಲ್ಲು ಫ್ರಿಜ್ಜಿನ ಮೇಲಿದೆ.

"ನೋಡು ಮಯಾಲೆನ್," ಅಂದ ಡೆಲ್ಬರ್ಟ್,
"ಟರ್ಬೋ ದಾಟಿದ ಮೇಲೆ, ಹೊಗೆಕೊಳವೆಯ ಗಂಟಲಲ್ಲಿ
ಇದೊಂದು ತಟ್ಟೆ.
ನೀನು ಆಕ್ಸಿಲರೇಟರಿನಿಂದ ಕಾಲೆತ್ತಿದರೆ
ಇದು ಅಡ್ಡ ತಿರುಗಿ ನಿಲ್ಲುತ್ತದೆ.
ಎಂಜಿನ್ನಿಗೆ ಉಸಿರು ಬಿಡಲು ಕಷ್ಟ.
ಆ ಕಷ್ಟವೇ ಹೋಗಿ ಚಕ್ರ ಹಿಡಿಯುತ್ತದೆ."
ಇಷ್ಟು ಹೇಳಿ, ಕಾಫಿಗೆ ಬಿದ್ದ ತುಕ್ಕಿನ ಚೂರನ್ನು
ಕಿರುಬೆರಳಲ್ಲಿ ತೆಗೆದು ಕುಡಿದ.

ವಾಲ್ವಿನ ಹಳೇ ಸ್ಪ್ರಿಂಗುಗಳು ಈ ಒತ್ತಡ ತಾಳವು,
ಹನ್ನೆರಡನ್ನೂ ಬದಲಿಸಬೇಕು, ಅಂದ.
ಎರಡು ಕುರಿಮರಿಯ ದುಡ್ಡು.
ಎಣಿಸಿದೆ, ಮತ್ತೆ ಎಣಿಸಿದೆ,
ಫ್ರಿಜ್ಜಿನ ಕಡೆ ನೋಡಿದೆ,
ಬದಲಿಸು ಅಂದೆ.

ಮೇ ತಿಂಗಳು. ಕಣಿವೆಯ ನೆರಳಲ್ಲಿ ಇನ್ನೂ ಕೊಳೆ ಹಿಮ.
ಟ್ರೇಲರಿಗೆ ಕುರಿಯ ಬದಲು ನೀರಿನ ಪೀಪಾಯಿ ಹೇರಿ
ಬೆಟ್ಟದ ನೆತ್ತಿಯಿಂದ ಇಳಿಸಿದೆ.
ಸ್ವಿಚ್ಚು ಒತ್ತಿ ಕಾಲೆತ್ತಿದೆ.
ಬಾನೆಟ್ಟಿನ ಕೆಳಗಿಂದ ಎದ್ದಿತು ಒಂದು ಸದ್ದು,
ಗುಡುಗಲ್ಲ, ಗೊರಕೆಯಲ್ಲ,
ತುಟಿ ಬಿಗಿದು ಮೂಗಿನಲ್ಲೇ ಹೊರಡುವ ಹೂಂಕಾರ.

ಈ ಸದ್ದು ನನಗೆ ಗೊತ್ತು!
ಹತ್ತೊಂಬತ್ತಕ್ಕೆ ಪಿರೆನೀಸ್ ಬಿಟ್ಟು ಬಂದ ಅಪ್ಪ
ಸಂತೆಯಲ್ಲಿ ಯಾರಾದರೂ ಅವನ ಮಾತಿನ ರಾಗ ಅಣಕಿಸಿದರೆ
ಹೀಗೇ ಅನ್ನುತ್ತಿದ್ದ, ಹಲ್ಲು ಕಚ್ಚಿ,
ಟೋಪಿಯನ್ನು ಒಂದು ಬೆರಳಿನಷ್ಟು ಕೆಳಗೆಳೆದು.
ಚಿಕ್ಕಂದಿನಲ್ಲಿ ಅದನ್ನು ಹೇಡಿತನ ಅಂದುಕೊಂಡಿದ್ದೆ.
ಅವನ ಹಿಂದೆ ಎಷ್ಟು ಭಾರ ತಗುಲಿತ್ತು,
ಅವನ ಮುಂದೆ ಎಂಥ ಇಳಿಜಾರಿತ್ತು,
ಕೇಳಲಿಲ್ಲ.

ಏಳನೇ ತಿರುವು. ಮುಳ್ಳು ಮೂವತ್ತರಲ್ಲೇ ನಿಂತಿದೆ.
ಬಲಕ್ಕೆ ಅದೇ ಜಲ್ಲಿ;
ನಾನು ತೋಡಿದ ಗುಂಡಿಯನ್ನು ಯಾರೋ
ಮಗುವಿನ ತಲೆಯಂತೆ ಬಾಚಿಟ್ಟಿದ್ದಾರೆ.
ಡೆಲ್ಬರ್ಟ್ ಅದನ್ನು ನೋಡಲಿಲ್ಲ, ಅಥವಾ ನೋಡಿದ.
"ಏನಾದರೂ ವಾಸನೆ?" ಅಂದ.
ಗಾಜು ಇಳಿಸಿದೆವು.
ಪೈನ್ ಮರ. ಒದ್ದೆ ನಾಯಿ. ಅವನ ತಂಬಾಕು.

ಕೆಳಗೆ ಪೆಟ್ರೋಲ್ ಬಂಕಿನ ಪಕ್ಕ ನಿಲ್ಲಿಸಿ
ಮುಂದಿನ ಚಕ್ರದ ನಡುವಿಗೆ ಉಗಿದ.
ಚುಂಯ್ ಅನ್ನಲಿಲ್ಲ.
ನಾನು ಅಂಗೈಯಿಟ್ಟೆ,
ಆಗಷ್ಟೇ ಬಿಸಿಲಿಂದ ಒಳಬಂದ ಕುರಿಯ ಬೆನ್ನಷ್ಟು ಬೆಚ್ಚಗೆ.
ಬೇಕಾದ್ದಕ್ಕಿಂತ ತುಸು ಹೆಚ್ಚೇ ಹೊತ್ತು ಇಟ್ಟಿದ್ದೆ.

"ಮುರಿದ ಬೋಲ್ಟಿಗೆ ಬೇರೆ ಕಾಸು," ಅಂದ ಡೆಲ್ಬರ್ಟ್.
ಹೂಂ, ಅಂದೆ,
ಮೂಗಿನಲ್ಲೇ.